ಎರಡು ದಿನ, ಹೆಚ್ಚೆಂದರೆ ಮೂರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಣಕಲ್ಲಿನಿಂದ ಮೂಡಿಗೆರೆಯವರೆಗೆ ಮದುವೆ ಊಟ ಮಾಡಿದವರಿಗೆಲ್ಲ ಇದು ಯಾರ ವಿಷಯ ಎಂದು ಗೊತ್ತಾಗಿಬಿಡುತ್ತದೆ. ಅವರ ಮಗಳಿಗೆ ಅದು ಇಷ್ಟವಿಲ್ಲ. ಮದುವೆಯಿರಲಿ, ನಾಮಕರಣವಿರಲಿ, ಆ ಭಾಗದಲ್ಲಿ ದೊಡ್ಡ ಅಡುಗೆಗೆ ಜನ ಕರೆಯುತ್ತಿದ್ದದ್ದು ಅವರನ್ನೇ. ಜೊತೆಗೆ ನಾಲ್ಕೈದು ಹೆಂಗಸರು, ತಮ್ಮದೇ ಸೌಟುಗಳ ಒಂದು ಗೋಣಿಚೀಲ, ಕಿವಿಯ ಹಿಂದೆ ಒಂದು ಹೂವು. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಅವರು ನಾಲಿಗೆಗೆ ಹಾಕಿ ನೋಡಿದ್ದನ್ನು ಯಾರೂ ಕಂಡಿಲ್ಲ. ಮುಖವನ್ನು ಹಬೆಗೆ ಹಿಡಿದು, ಕಣ್ಣು ಮುಚ್ಚಿ, "ಒಂದು ಹಿಡಿ ಹಾಕು" ಎನ್ನುತ್ತಿದ್ದರು, ಅಷ್ಟೆ.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದರೂ ಅವರು ಕೊನೆಯವರೆಗೂ ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆದರು.

ಅವರು ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಡಾಕ್ಟರಾದವಳಿಗೆ ಸಾವು ಹೊಸದಲ್ಲ. ಆದರೂ ಬೆಳಿಗ್ಗೆ ರೌಂಡ್ಸ್ ಮುಗಿಸಿ ಕೈ ತೊಳೆಯುವಾಗ ತಟ್ಟನೆ ನೆನಪಾಗಿ ನಲ್ಲಿಯ ಮುಂದೆ ಹಾಗೇ ನಿಂತುಬಿಡುತ್ತೇನೆ. ಈ ಒಬ್ಬ ಹೆಂಗಸಿನ ವಿಷಯದಲ್ಲಿ ನಾನು ಹೇಳಿದ್ದೆಲ್ಲ ಸುಳ್ಳಾಯಿತು. ಸಾಯುತ್ತಾರೆ ಎಂದೆ, ಬದುಕಿದರು. ಇನ್ನು ಭಯವಿಲ್ಲ ಎಂದೆ, ಹೋದರು.

ಹನ್ನೊಂದು ವರ್ಷದ ಹಿಂದೆ ನಾನು ಚಿಕ್ಕಮಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ವರ್ಷವಾಗಿತ್ತಷ್ಟೆ. ಆರು ಹಾಸಿಗೆಯ ಐಸಿಯು ನನ್ನ ಜವಾಬ್ದಾರಿ. ಓದಿದ್ದೆಲ್ಲ ಇನ್ನೂ ಬಿಸಿಬಿಸಿಯಾಗಿ ತಲೆಯಲ್ಲಿತ್ತು. ಅವರು ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಹಿಂದಿನ ದಿನ ಬಣಕಲ್ ಹತ್ತಿರ ಒಂದು ನಿಶ್ಚಿತಾರ್ಥದ ಅಡುಗೆಯಲ್ಲಿದ್ದಾಗ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹೊಡೆದಿತ್ತು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದರು, ಓಮದ ನೀರು ಕುಡಿದರು. ಮುನ್ನೂರು ಜನ ಉಂಡು ಏಳುವವರೆಗೂ ಕೂತುಕೊಳ್ಳಲಿಲ್ಲವಂತೆ. ಮರುದಿನ ಮೂಡಿಗೆರೆಯಲ್ಲಿ ಸ್ಕ್ಯಾನ್ ಮಾಡಿ ನಮ್ಮಲ್ಲಿಗೆ ಕಳಿಸಿದ್ದರು. ಸ್ಟ್ರೆಚರಿನ ಮೇಲೆ ಮಲಗಲು ಒಪ್ಪದೆ, ಮಂಡಿ ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತೇ ಒಳಗೆ ಬಂದರು. ಎರಡೂ ಕೈಯಲ್ಲಿ ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು. ನಾನು ಹೊಟ್ಟೆ ಮುಟ್ಟುವ ಮೊದಲೇ ಹೇಳಿದರು: "ಡಾಕ್ಟ್ರಮ್ಮ, ಶನಿವಾರ ಒಂದು ಮದ್ವೆ ಒಪ್ಕೊಂಡಿದ್ದೀನಿ. ಅಷ್ಟರಲ್ಲಿ ನೆಟ್ಟಗೆ ಮಾಡ್ಬೇಕು ನೀವು."

ಜಠರದ ಹಿಂದೆ, ಬೆನ್ನಿಗೆ ಅಂಟಿಕೊಂಡಂತೆ, ಮೇದೋಜೀರಕ ಗ್ರಂಥಿ ಎಂಬುದೊಂದಿದೆ. ಉಂಡದ್ದನ್ನು ಕರಗಿಸುವ ರಸ ಅಲ್ಲಿಂದ ಬರುತ್ತದೆ. ಪಿತ್ತಕೋಶದ ಸಣ್ಣ ಕಲ್ಲೊಂದು ಜಾರಿಬಂದು ದಾರಿಗೆ ಅಡ್ಡ ಕೂತರೆ ಆ ರಸ ಗ್ರಂಥಿಯನ್ನೇ ಕರಗಿಸತೊಡಗುತ್ತದೆ. ಅವರಿಗೆ ಆದದ್ದು ಅದು. ಹೆಚ್ಚಿನವರನ್ನು ಒಂದು ವಾರ ನರಳಿಸಿ ಬಿಟ್ಟುಹೋಗುವ ಕಾಯಿಲೆ. ಕೆಲವರಲ್ಲಿ ಮಾತ್ರ ಶ್ವಾಸಕೋಶ, ಮೂತ್ರಪಿಂಡ ಒಂದೊಂದಾಗಿ ಕೈಕೊಡುತ್ತವೆ. ಮೊದಲ ದಿನ ಎಲ್ಲರೂ ಒಂದೇ ರೀತಿ ಹೊಟ್ಟೆ ಹಿಡಿದುಕೊಂಡು ಬಂದಿರುತ್ತಾರೆ. ರಕ್ತದಲ್ಲಿ ಆ ರಸದ ಅಂಶ ಎಷ್ಟು ಏರಿದೆ ಎಂದು ನೋಡಿದರೂ ಉಪಯೋಗವಿಲ್ಲ, ಬಹಳ ಏರಿದವರು ನಾಲ್ಕು ದಿನಕ್ಕೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಯಾರು ಯಾವ ಕಡೆ ವಾಲುತ್ತಾರೆ ಎಂದು ಮೊದಲೇ ಹೇಳುವುದಕ್ಕೆ ನಮ್ಮ ಹತ್ತಿರ ಪಟ್ಟಿಗಳಿವೆ. ರಕ್ತದ ಯೂರಿಯಾ ಏರಿದೆಯೆ, ಮಂಪರು ಬಂದಿದೆಯೆ, ಜ್ವರ, ನಾಡಿ, ಉಸಿರು ಮಿತಿ ಮೀರಿವೆಯೆ, ವಯಸ್ಸು ಅರವತ್ತು ದಾಟಿದೆಯೆ, ಎದೆಯಲ್ಲಿ ನೀರು ತುಂಬಿದೆಯೆ. ಹೌದು ಎಂಬ ಒಂದೊಂದು ಉತ್ತರಕ್ಕೂ ಒಂದೊಂದು ಅಂಕ. ಅಂಕ ಹೆಚ್ಚಿದಷ್ಟೂ ಅಪಾಯ.

ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ವಯಸ್ಸೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಹೌದು ಎಂದಾಗಿತ್ತು. ಮಧ್ಯಾಹ್ನ ವೆಂಟಿಲೇಟರಿಗೆ ಹಾಕಿದೆವು. ಶನಿವಾರ ಮೂತ್ರ ನಿಂತುಹೋಯಿತು, ಡಯಾಲಿಸಿಸ್ ಶುರುವಾಯಿತು. ಮಂಗಳೂರಿಗೆ ಕಳಿಸೋಣವೆಂದರೆ ಚಾರ್ಮಾಡಿ ಘಾಟಿ ಇಳಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಐಸಿಯು ಹೊರಗಿನ ಬೆಂಚಿನಲ್ಲಿ ಮೂವರಿದ್ದರು. ಗಂಡ, ಒಂದು ಎಸ್ಟೇಟಿನಲ್ಲಿ ಪಿಕಪ್ ಓಡಿಸುವವರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ. ಗಂಡನ ಅಕ್ಕ, ವಸ್ತಾರೆಯಿಂದ ಬಂದವರು, ಎಲ್ಲ ಓಡಾಟ ಅವರದೇ. ಮತ್ತೆ ಮಗಳು, ಬಿ.ಎಡ್. ಕೊನೆಯ ಸೆಮಿಸ್ಟರಿನಲ್ಲಿದ್ದ ಇಪ್ಪತ್ತೆರಡರ ಹುಡುಗಿ. ಶನಿವಾರ ಮಧ್ಯಾಹ್ನ ನಾನು ಹೊರಗೆ ಬಂದಾಗ ಆ ವಸ್ತಾರೆಯವರು ಎದ್ದು ನಿಂತು, "ಸುತ್ತಿ ಬಳಸಿ ಹೇಳ್ಬೇಡಿ ಡಾಕ್ಟ್ರೇ. ಉಳೀತಾಳಾ ಇಲ್ವಾ?" ಎಂದು ಕೇಳಿದರು.

"ಉಳಿಯಲ್ಲ" ಎಂದೆ. "ಎರಡು ದಿನ, ಹೆಚ್ಚಂದ್ರೆ ಮೂರು. ಬರೋರಿದ್ರೆ ಬರೋಕೆ ಹೇಳಿ."

ಸುಳ್ಳು ಭರವಸೆ ಕೊಡಬಾರದು ಎಂದು ನನಗೆ ಕಲಿಸಿದ್ದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಗಂಡ ಗೋಡೆ ಹಿಡಿದು ಕೂತರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಸಿಸ್ಟರ್ ಬಂದು, "ಮೇಡಂ, ಹೊರಗೆ ಸ್ವಲ್ಪ ಬನ್ನಿ" ಎಂದಳು. ಬಾಗಿಲಲ್ಲಿ ಆ ಹುಡುಗಿ ಮದುಮಗಳಾಗಿ ನಿಂತಿದ್ದಳು. ಹಣೆಯಲ್ಲಿ ಅಕ್ಷತೆ, ಕೊರಳಲ್ಲಿ ಅರಿಶಿನದ ದಾರ. ಪಕ್ಕದಲ್ಲಿ ಬಿಳಿ ಪಂಚೆಯ ಹುಡುಗ, ವಸ್ತಾರೆಯ ಆ ಸೋದರತ್ತೆಯ ಮಗ, ಪಂಪ್‌ಸೆಟ್ ರಿಪೇರಿ ಮಾಡುವವನು. ಬೆಳಿಗ್ಗೆ ಊರ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ನೇರ ಆಸ್ಪತ್ರೆಗೆ ಕರೆತಂದಿದ್ದರು. ತಾಯಿ ಹೋದರೆ ಒಂದು ವರ್ಷ ಶುಭಕಾರ್ಯವಿಲ್ಲ, ತಾಯಿಯಿಲ್ಲದ ಹುಡುಗಿಗೆ ಆಮೇಲೆ ಯಾರು ನಿಂತು ಮಾಡುತ್ತಾರೆ, ಉಸಿರಿರುವಾಗಲೇ ಆಗಲಿ ಎಂದು ಹಿರಿಯರೆಲ್ಲ ಕೂತು ತೀರ್ಮಾನಿಸಿದ್ದರಂತೆ. ಐಸಿಯು ಒಳಗೆ ಹೂವು ತರುವಂತಿಲ್ಲ. ಹಾರಗಳನ್ನು ಬಾಗಿಲಲ್ಲೇ ತೆಗೆಸಿ ಐದು ನಿಮಿಷ ಒಳಗೆ ಬಿಟ್ಟೆ. ಹುಡುಗಿ ತಾಯಿಯ ಪಾದದ ಮೇಲೆ ಹಣೆಯಿಟ್ಟಳು. ವೆಂಟಿಲೇಟರ್ ತನ್ನ ಪಾಡಿಗೆ ಉಸಿರು ಎಣಿಸುತ್ತಿತ್ತು.

ನಾನು ಡ್ಯೂಟಿ ರೂಮಿಗೆ ಹೋಗಿ ಅತ್ತೆ. ಎಂಥ ಪ್ರೀತಿಯ ಮನೆ ಎಂದುಕೊಂಡೆ. ಅಂದು ಗೆಳತಿಗೆ ಫೋನ್ ಮಾಡಿ ಅದನ್ನೊಂದು ಕರುಣೆಯ ಕತೆಯಂತೆ ಹೇಳಿದೆ ಕೂಡ.

ಸೋಮವಾರ ಅವರು ಸಾಯಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬೆಳಿಗ್ಗೆ ಮೂತ್ರದ ಚೀಲದಲ್ಲಿ ಎರಡು ಬೆರಳು ಹಳದಿ ನೀರು ಕಂಡಿತು. ಸಿಸ್ಟರ್ ಅದನ್ನು ನನಗೆ ಎರಡು ಸಲ ತೋರಿಸಿದಳು. ಹತ್ತನೆಯ ದಿನ ವೆಂಟಿಲೇಟರಿನ ಒತ್ತಡ ಇಳಿಸತೊಡಗಿದೆವು. ಮೂರನೆಯ ವಾರ ಅವರು ತಮ್ಮ ಉಸಿರು ತಾವೇ ಆಡುತ್ತಿದ್ದರು. ನಾನು ಪಟ್ಟಿ ತೆಗೆದು ಮತ್ತೆ ಮತ್ತೆ ನೋಡಿದೆ. ಅಂಕ ಹಾಕಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಗಂಟಲಲ್ಲಿ ತೂತು ಮಾಡಿ ಇಟ್ಟಿದ್ದ ಕೊಳವೆಯನ್ನು ಮುಚ್ಚಿ ಮಾತಾಡಿಸಿ ನೋಡಿದ ದಿನ ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಮಗಳು ಕಾಲ ಬುಡದಲ್ಲಿ ನಿಂತಿದ್ದಳು. ತಾಯಿಗೆ ಈಗಲೇ ಹೇಳುವುದು ಬೇಡವೆಂದು ಮನೆಯವರು ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ಹೇಳಿದ್ದರು. ಆದರೆ ಐಸಿಯು ಒಳಗೆ ಚಪ್ಪಲಿ ಬಿಟ್ಟು ಬರಬೇಕು. ಅಕ್ಕ ಬಹಳ ಹೊತ್ತು ಮಗಳನ್ನು ನೋಡಿದರು, ಮುಖದಿಂದ ಕೆಳಗೆ ಕಾಲಿನವರೆಗೆ. ಆಮೇಲೆ ನನ್ನ ಕಡೆ ತಿರುಗಿದರು. ತಗಡು ಕೆರೆದ ಹಾಗಿತ್ತು ಧ್ವನಿ.

"ನನ್ನ ಮಗಳ ಕಾಲಲ್ಲಿ ಕಾಲುಂಗುರ ಯಾಕಿದೆ ಡಾಕ್ಟ್ರಮ್ಮ?"

ಮೂರು ವಾರದಲ್ಲಿ ಅವರು ಆಡಿದ ಮೊದಲ ಮಾತು ಅದು. ಮಾನಿಟರಿನಲ್ಲಿ ನಾಡಿಯ ಸಂಖ್ಯೆ ಏರುತ್ತಿದ್ದುದು ನನಗೆ ಕಾಣುತ್ತಿತ್ತು.

"ಯಾವಾಗ?" ಎಂದರು.

"ನೀನು ಮೆಷಿನ್ನಲ್ಲಿದ್ದಾಗ ಅಮ್ಮ" ಎಂದಳು ಹುಡುಗಿ. "ನೀನು ಉಳಿಯಲ್ಲ ಅಂದ್ರು."

"ಯಾರು?"

ಹುಡುಗಿ ತಲೆ ತಗ್ಗಿಸಿದಳು. "ನಾನು ಹೇಳಿದೆ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಅವತ್ತು ಹೊರಗಿನ ಬೆಂಚಿನಲ್ಲಿ ಮಗಳು ನನಗೆ ಉಳಿದದ್ದನ್ನು ಹೇಳಿದಳು. ಎರಡು ವರ್ಷದಿಂದ ಈ ಸಂಬಂಧವನ್ನು ತಾಯಿ ತಡೆದಿದ್ದರು. ಹುಡುಗನ ಮೇಲೆ ದೂರಿರಲಿಲ್ಲ. ಅವಳ ಓದು ಮುಗಿಯಲಿ, ಕೆಲಸ ಸಿಗಲಿ, ಆಮೇಲೆ ಅವಳನ್ನೇ ಕೇಳಿ ಎನ್ನುವುದು ಅವರ ಒಂದೇ ಮಾತು. ಯಾರೂ ಅವಳನ್ನು ಕೇಳಿರಲಿಲ್ಲ. ಪರೀಕ್ಷೆಯ ಫೀಸಿನ ಕೊನೆಯ ದಿನವೂ ಅಷ್ಟರೊಳಗೆ ದಾಟಿಹೋಗಿತ್ತು. "ನೀವು ಹೇಳಿದ ಮೇಲೆ ನಾನು ಬೇಡ ಅನ್ನೋದು ಹೇಗೆ ಮೇಡಂ?" ಎಂದಳು. "ಅಮ್ಮ ಸಾಯುವಾಗ ಹಟ ಮಾಡಿದ ಹಾಗಾಗ್ತಿತ್ತು."

ನಾನು ಮರುಗಿ ಅತ್ತದ್ದು ಯಾವುದಕ್ಕೆ ಎಂದು ನನಗೆ ಆಗ ಗೊತ್ತಾಯಿತು. ಔಷಧಿ ತಪ್ಪಾಗಿದ್ದರೆ ತಿದ್ದಬಹುದಿತ್ತು. ನನ್ನ ಬಾಯಿಂದ ಹೊರಟ ಒಂದು ವಾಕ್ಯ ಒಂದು ಮನೆಯೊಳಗೆ ಹೋಗಿ ಅಷ್ಟೆಲ್ಲ ಮಾಡಿ ಮುಗಿಸಿತ್ತು.

ಅಕ್ಕ ಒಂಬತ್ತು ದಿನ ನನ್ನ ಹತ್ತಿರ ಮಾತಾಡಲಿಲ್ಲ. ರೌಂಡ್ಸಿಗೆ ಹೋದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಆದರೆ ನಾಡಿ ನೋಡಲು ಕೈಯನ್ನು ಮಾತ್ರ ಈ ಕಡೆ ಚಾಚುತ್ತಿದ್ದರು. ಸಿಟ್ಟು ಬೇರೆ, ಕೆಲಸ ಬೇರೆ ಎನ್ನುವುದು ಅವರ ಸ್ವಭಾವ. ಹತ್ತನೆಯ ದಿನ ಹೊಟ್ಟೆಯಲ್ಲಿ ಕಟ್ಟಿದ್ದ ಕೀವನ್ನು ಕೊಳವೆಯಿಟ್ಟು ತೆಗೆದ ಮೇಲೆ, ಜ್ವರ ಇಳಿದು, ನನ್ನನ್ನು ಕರೆಸಿದರು.

"ಹೇಗೆ ಲೆಕ್ಕ ಹಾಕಿದ್ರಿ, ತೋರ್ಸಿ."

ಒಂದು ಹಾಳೆಯ ಹಿಂದೆ ಐದು ಪ್ರಶ್ನೆ ಬರೆದು ಒಂದೊಂದನ್ನೂ ಬಿಡಿಸಿ ಹೇಳಿದೆ. ಮೂತ್ರಪಿಂಡ, ಶ್ವಾಸಕೋಶ ಎರಡೂ ಕೈಕೊಟ್ಟರೆ ಉಳಿಯುವವರು ಕಡಿಮೆ ಎಂದೆ. ಅವರು ಏಳನೆಯ ತರಗತಿ ಓದಿದ್ದವರು. ಗಮನವಿಟ್ಟು ಕೇಳಿದರು.

"ಕಡಿಮೆ ಅಂದ್ರೆ ಯಾರೂ ಇಲ್ಲ ಅಂತ ಅಲ್ವಲ್ಲ."

"ಅಲ್ಲ."

"ಮತ್ತೆ ನೀವು ಉಳಿಯಲ್ಲ ಅಂದಿದ್ದು?"

ನಾನು ಆ ಹಾಳೆಯನ್ನು ಮಡಚತೊಡಗಿದೆ.

"ನೋಡಿ ಡಾಕ್ಟ್ರಮ್ಮ. ಮದ್ವೆಗೆ ಎಷ್ಟು ಜನ ಬರ್ತಾರೆ ಅಂತ ನನ್ನನ್ನೂ ಕೇಳ್ತಾರೆ. ಐನೂರಕ್ಕೆ ಅಕ್ಕಿ ನೆನೆಹಾಕ್ತೀನಿ, ಇನ್ನೂರು ಜನಕ್ಕಾಗೋಷ್ಟು ಪಕ್ಕದಲ್ಲಿ ಇಟ್ಕೊಂಡಿರ್ತೀನಿ. ಐನೂರೇ ಅಂತ ಬಾಯಿ ಬಿಟ್ಟು ಹೇಳಲ್ಲ. ಬರೋರ ತಲೆ ನಾನು ಎಣಿಸಿರಲ್ಲ." ಉಸಿರು ಸಾಲದೆ ದಿಂಬಿಗೆ ಒರಗಿದರು. "ಭಯ ಆಗ್ತಿದೆ, ಆದ್ರೆ ಗೊತ್ತಿಲ್ಲ ಅಂದಿದ್ರೆ ಸಾಕಿತ್ತು. ಆ ‘ಗೊತ್ತಿಲ್ಲ’ ಒಂದನ್ನ ನನ್ನ ಮಗಳು ಹಿಡ್ಕೊಂಡು ನಿಲ್ತಿದ್ಲು."

ವಾರ್ಡಿಗೆ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸವೆಂದರೆ ಅಳಿಯನನ್ನೂ ಅವನ ತಾಯಿಯಾದ ಅತ್ತಿಗೆಯನ್ನೂ ಕರೆಸಿದ್ದು. ನಾನೂ ಇರಬೇಕು ಎಂದರು. ಗಂಡ ಬಾಗಿಲ ಹತ್ತಿರ ನಿಂತರು. ಅತ್ತಿಗೆ ಬರುತ್ತಲೇ ಅತ್ತುಬಿಟ್ಟರು. "ನಿನ್ನ ಒಳ್ಳೇದಕ್ಕೇ ಮಾಡಿದ್ವಿ ಮಾರಾಯ್ತಿ" ಎಂದರು. ಅಕ್ಕ ಅವರ ಕೈ ಹಿಡಿದುಕೊಂಡರು. ಆಮೇಲೆ ಹುಡುಗನನ್ನು ಹತ್ತಿರ ಕರೆದರು.

"ನಾನು ಸಾಯ್ತೀನಿ ಅಂತ ಮದ್ವೆ ಆದೆ ನೀನು. ಈಗ ಬದುಕಿದ್ದೀನಿ. ಎಂತ ಮಾಡ್ತೀಯ ಮಾರಾಯ?"

"ನೀವು ಹೇಳಿದ ಹಾಗೆ ಅತ್ತೆ."

"ನಾನು ಹೇಳೋದಲ್ಲ. ಅವಳನ್ನ ಕೇಳು."

ಆ ಹುಡುಗ ಮೊದಲ ಸಲ ಅವಳ ಕಡೆ ತಿರುಗಿ ಕೇಳಿದ. ಅವಳು ಸೀರೆಯ ಅಂಚು ತಿರುಚುತ್ತ ಹೇಳಿದಳು: "ನಾನು ಅಮ್ಮನ ಹತ್ರ ಇರ್ತೀನಿ. ಪರೀಕ್ಷೆ ಬರೀಬೇಕು. ಆಮೇಲಿಂದು ಆಮೇಲೆ." ಅವನು ಆಗಲಿ ಎಂದ. ಒಳ್ಳೆಯ ಹುಡುಗನೇ ಅವನು, ಕಾದ. ಅವಳು ಮುಂದಿನ ಸಲ ಪರೀಕ್ಷೆ ಬರೆದು ಪಾಸಾದಳು, ಒಂದು ಶಾಲೆಗೆ ಸೇರಿದಳು, ಇನ್ನೂ ಒಂದು ವರ್ಷದ ಮೇಲೆ ವಸ್ತಾರೆಗೆ ಹೋದಳು. ಅದರ ಬಗ್ಗೆ ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ಅವಳೇ ಹೋದ್ಲು. ನಾನು ಕಳ್ಸಿಲ್ಲ."

ಏಳು ವಾರದ ಮೇಲೆ ಅವರು ಮನೆಗೆ ಹೋದಾಗ ಹೊಟ್ಟೆಯೊಳಗಿನ ಆ ಗ್ರಂಥಿಯಲ್ಲಿ ಉಳಿದಿದ್ದದ್ದು ಒಂದು ತುಣುಕು. ದಿನಕ್ಕೆ ಮೂರು ಸಲ ಇನ್ಸುಲಿನ್, ಪ್ರತಿ ತುತ್ತಿನ ಮುಂದೆ ಜೀರ್ಣಕ್ಕೆ ಒಂದು ಕ್ಯಾಪ್ಸೂಲ್, ಎಣ್ಣೆ ತುಪ್ಪ ದೂರ. "ಒಳಗಿನ ಅಡುಗೆಯವಳು ಕೆಲ್ಸ ಬಿಟ್ಟು ಹೋದ್ಲು, ಈಗ ಎಲ್ಲ ಬಾಡಿಗೆಯವರೇ" ಎನ್ನುತ್ತಿದ್ದರು. ವರ್ಷದೊಳಗೆ ಮತ್ತೆ ದೊಡ್ಡ ಅಡುಗೆಗೆ ನಿಂತರು. ತಾವು ತಿನ್ನಲಾಗದ ಹೋಳಿಗೆಯನ್ನು, ಕಡುಬನ್ನು, ನೂರಾರು ಜನಕ್ಕೆ ಮಾಡಿ ಬಡಿಸಿ, ಮೂಲೆಯಲ್ಲಿ ಕೂತು ತೆಳ್ಳಗಿನ ಗಂಜಿ ಕುಡಿಯುತ್ತಿದ್ದರು.

ಒಂದು ಹೊಸ ಅಭ್ಯಾಸ ಮಾತ್ರ ಸೇರಿಕೊಂಡಿತ್ತು. ಮದುವೆ ಅಡುಗೆ ಒಪ್ಪಿಕೊಳ್ಳುವ ಮೊದಲು "ಮದುಮಗಳನ್ನ ಒಂದ್ಸಲ ಕರೀರಿ" ಎನ್ನುತ್ತಿದ್ದರು. ಅವಳು ಬಂದರೆ ಯಾವ ಸಿಹಿ ಮಾಡಲಿ ಎಂದು ಅವಳನ್ನೇ ಕೇಳುತ್ತಿದ್ದರು. ಮನೆಯವರು ಬೇರೆ ಹೇಳಿದರೂ ಅವಳು ಹೇಳಿದ್ದೇ ಆಗಬೇಕು. ಜನ ಅದನ್ನು ಅಡುಗೆಯವಳ ಗತ್ತು ಎಂದುಕೊಂಡರು.

ತಿಂಗಳಿಗೊಮ್ಮೆ ನನ್ನ ಓಪಿಡಿಗೆ ಬರುತ್ತಿದ್ದರು. ಬರುವಾಗ ಕೈಯಲ್ಲಿ ಏನಾದರೊಂದು ಸೊಪ್ಪು, ಮಳೆಗಾಲದಲ್ಲಿ ಎಳೆ ಬಿದಿರಿನ ಕಳಲೆ. ಸರದಿ ಬಂದರೂ ಬೇರೆಯವರನ್ನು ಮುಂದೆ ಬಿಟ್ಟು ಬೆಂಚಿನಲ್ಲಿ ಕೂತಿರುತ್ತಿದ್ದರು. ಅವರ ಕಣ್ಣು ಐಸಿಯು ಬಾಗಿಲ ಮೇಲೆ, ನಾನು ಹೊರಗೆ ಬಂದು ಯಾರ ಹತ್ತಿರ ಏನು ಹೇಳುತ್ತೇನೆ ಎಂಬುದರ ಮೇಲೆ. ನನಗೆ ಮೊದಲು ಅದು ಇರಿಸುಮುರಿಸಾಗುತ್ತಿತ್ತು. ಆಮೇಲೆ ಅವರು ಇಲ್ಲದ ದಿನವೂ ಆ ಬೆಂಚಿನ ಕಡೆ ಒಮ್ಮೆ ನೋಡಿಯೇ ಬಾಯಿ ತೆರೆಯುವುದು ಅಭ್ಯಾಸವಾಯಿತು.

ಅವರು ಬದುಕಿ ಬಂದ ನಾಲ್ಕನೆಯ ವರ್ಷ ಕಳಸದ ಕಡೆಯ ಒಬ್ಬರು ಪ್ಲಾಂಟರ್ ಅದೇ ಕಾಯಿಲೆಯಿಂದ ಬಂದರು. ಐವತ್ತರ ಒಳಗಿನ ಮನುಷ್ಯ, ಕುಡಿತದಿಂದ ಬಂದದ್ದು. ನಡೆದೇ ಬಂದರು, ಸಿಸ್ಟರುಗಳನ್ನು ನಗಿಸುತ್ತಿದ್ದರು. ಪಟ್ಟಿಯಲ್ಲಿ ಅಂಕ ಸೊನ್ನೆ. ಮೊದಲು ಕಲಿತ ಪಾಠ ಎಲ್ಲಿ ಹೋಯಿತೋ, ನಾನು ಅವರ ಹೆಂಡತಿಗೆ, "ಇದು ಸಣ್ಣ ಪ್ರಮಾಣದ್ದು. ನೀವು ಬೇಕಾದ್ರೆ ಮನೆಗೆ ಹೋಗಿ ಬನ್ನಿ, ನಾಲ್ಕೈದು ದಿನಕ್ಕೆ ಕಳಿಸ್ತೀವಿ" ಎಂದುಬಿಟ್ಟೆ. ಕೊಯ್ಲಿನ ಕಾಲ, ತೋಟದಲ್ಲಿ ಯಾರೂ ಇಲ್ಲ ಎಂದು ಆಕೆಯೂ ಹೊರಟಿದ್ದರು. ಬೆಂಚಿನಲ್ಲಿದ್ದ ಅಕ್ಕ ಆಕೆಯ ಸೆರಗು ಹಿಡಿದು ನಿಲ್ಲಿಸಿದರಂತೆ. "ಡಾಕ್ಟ್ರಮ್ಮ ಒಳ್ಳೆಯವರು. ಆದ್ರೂ ಎರಡು ದಿನ ಊರಿಗೆ ಹೋಗ್ಬೇಡಮ್ಮ. ನನ್ನ ಮಾತು ಕೇಳು."

ಆಕೆ ಹೋಗಲಿಲ್ಲ. ಮರುದಿನ ಮಧ್ಯಾಹ್ನ ಆ ಮನುಷ್ಯನ ಉಸಿರು ಏರಿತು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು. ನಾನು ಆಗಲೂ ಪಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಸೊನ್ನೆ ಎಂದರೆ ಅಪಾಯ ತೀರ ಕಡಿಮೆ ಎಂದಷ್ಟೇ ಅದು ಹೇಳಿತ್ತು. ಇಲ್ಲವೇ ಇಲ್ಲ ಎಂದು ಓದಿಕೊಂಡವಳು ನಾನು. ಮುಂದಿನ ತಿಂಗಳು ಅಕ್ಕ ಬಂದಾಗ, "ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ನನಗೆ ಎಂತ ಗೊತ್ತಾಗತ್ತೆ? ನಿಮಗೂ ಗೊತ್ತಿರಲ್ಲ ಅಂತ ಮಾತ್ರ ಗೊತ್ತಿತ್ತು" ಎಂದರು. ನಗಲಿಲ್ಲ. ತಾವು ಹೇಳಿದ್ದು ನಿಜವಾಯಿತೆಂಬ ಸಮಾಧಾನ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ. ಆ ಹೆಂಡತಿಯ ಮನೆಯ ಹನ್ನೊಂದನೆಯ ದಿನದ ಅಡುಗೆಗೆ ಕರೆಯದೆ ಹೋಗಿ ನಿಂತುಬಂದರು ಎಂದು ಆಮೇಲೆ ತಿಳಿಯಿತು.

ಕೊನೆಯ ಸಲ ಅವರು ಬಂದಾಗ ಎಲ್ಲ ರಿಪೋರ್ಟೂ ಚೆನ್ನಾಗಿತ್ತು. ಹತ್ತು ವರ್ಷದಲ್ಲೇ ಮೊದಲ ಸಲ ತೂಕ ಏರಿತ್ತು. ಮೊಮ್ಮಗಳು ಮೂರನೆಯ ಕ್ಲಾಸಿಗೆ ಬಂದಳು ಎಂದು ಫೋಟೋ ತೋರಿಸಿದರು. ನಾನು ಸಂತೋಷದಲ್ಲಿ, "ಇನ್ನು ನಿಮ್ಮ ಬಗ್ಗೆ ನನಗೆ ಭಯ ಇಲ್ಲ ಅಕ್ಕ" ಎಂದೆ. ಅವರು ಚೀಟಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು.

ಇಪ್ಪತ್ತು ದಿನ ಕಳೆದಿತ್ತು. ಒಂದು ಮಂಗಳವಾರ ಬೆಳಿಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ಬಣಕಲ್ಲಿನ ಒಂದು ನಾಮಕರಣದ ಅಡುಗೆಗೆ ಹೋದರು. ಅಲ್ಲಿ ಹೋಗಿ ತಿಂಡಿ ತಿಂದರಾಯಿತು ಎಂದುಕೊಂಡಿದ್ದರಂತೆ. ಹೋದರೆ ಗ್ಯಾಸ್ ಒಲೆ ಕೈಕೊಟ್ಟಿತ್ತು, ತಿಂಡಿ ತಡವಾಗಿತ್ತು, ಮುಹೂರ್ತ ಹತ್ತಿರ ಬಂದಿತ್ತು. ತಮ್ಮ ಹೊಟ್ಟೆಯ ಮಾತು ಮರೆತು ಪಾಯಸಕ್ಕೆ ಬೆಲ್ಲ ಕರಗಿಸಲು ಕೂತರು. ಹತ್ತು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವರಿತು, ಮಾತು ತೊದಲಿತು. ಒಲೆಯ ಶಾಖವಿರಬೇಕು ಎಂದು ಜೊತೆಯವರು ಗಾಳಿ ಬೀಸಿ, ಗೋಡೆಗೆ ಒರಗಿಸಿ ಮಲಗಲು ಬಿಟ್ಟರು. ಒಂದೂವರೆ ಗಂಟೆ ಯಾರೂ ಎಬ್ಬಿಸಲಿಲ್ಲ. ದಣಿದವರನ್ನು ಎಬ್ಬಿಸಬಾರದು ಎಂದು. ಬೆಲ್ಲದ ಪಾತ್ರೆ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ಇನ್ಸುಲಿನ್ ಚುಚ್ಚಿಕೊಂಡು ತಿನ್ನದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಸಕ್ಕರೆ ಇಳಿಸುವುದು ಹೇಗೋ, ಇಳಿದಾಗ ಮೇಲೆತ್ತುವುದೂ ಆ ಮೇದೋಜೀರಕ ಗ್ರಂಥಿಯದೇ ಕೆಲಸ. ಅದು ಹಾಳಾದವರಲ್ಲಿ ಒಮ್ಮೆ ಕುಸಿದರೆ ತಾನಾಗಿ ಏಳುವುದಿಲ್ಲ. ಇದು ನನಗೆ ಗೊತ್ತಿತ್ತು. ಪಾಠ ಕೂಡ ಮಾಡಿದ್ದೇನೆ. ಅವರಿಗೆ ಹೇಳಿದ್ದೆ, ಜೊತೆಯಲ್ಲಿ ಅಡುಗೆ ಮಾಡುವ ಆ ನಾಲ್ಕೈದು ಹೆಂಗಸರಿಗೆ ಹೇಳಬೇಕೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಪರೀಕ್ಷಿಸಿ ಜೀವ ಆಗಲೇ ಹೋಗಿದೆ ಎಂದರು. ಮಧ್ಯಾಹ್ನ ಎರಡು ಗಂಟೆಗೆ ಮಗಳ ಫೋನ್ ಬಂತು. ಅಳುತ್ತಿರಲಿಲ್ಲ.

"ಮೇಡಂ, ಅಮ್ಮ ಹೋದ್ರು. ಮನೆಗೆ ತಂದಿದ್ದೀವಿ. ಅಪ್ಪ ಎತ್ತೋಕೆ ಬಿಡ್ತಿಲ್ಲ. ನೀವು ಬಂದು ನೋಡ್ಬೇಕಂತೆ. ಬೇರೆ ಯಾರು ಹೇಳಿದ್ರೂ ಕೇಳಲ್ಲ ಅಂತಿದ್ದಾರೆ."

ಕಾರು ಓಡಿಸಿದ್ದು ನೆನಪಿಲ್ಲ. ಅಂಗಳದಲ್ಲಿ ಐವತ್ತು ಅರವತ್ತು ಜನ ಸುಮ್ಮನೆ ನಿಂತಿದ್ದರು. ಒಳಗೆ ಚಾಪೆಯ ಮೇಲೆ ಅಕ್ಕ. ಪಕ್ಕದಲ್ಲಿ ಗಂಡ ನೆಲದ ಮೇಲೆ ಕೂತು ಅವರ ಮಣಿಕಟ್ಟನ್ನು ಹಿಡಿದುಕೊಂಡಿದ್ದರು, ನಾವು ನಾಡಿ ನೋಡುತ್ತೇವಲ್ಲ, ಹಾಗೆ ಮೂರು ಬೆರಳಿಟ್ಟು. ವಸ್ತಾರೆಯ ಅತ್ತಿಗೆ, ಅಳಿಯ, ಇಬ್ಬರೂ ಅವರ ಹಿಂದೆ ನಿಂತಿದ್ದರು. ನನ್ನನ್ನು ನೋಡಿ ಗಂಡ ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಕೈ ಬಿಡಲಿಲ್ಲ.

"ಅಲ್ಲಿ ಡಾಕ್ಟ್ರು ನೋಡಿ ಹೇಳಿದ್ರು" ಎಂದರು. "ಆವತ್ತು ನೀವೂ ನೋಡಿಯೇ ಹೇಳಿದ್ದು."

ಅಷ್ಟು ಜನದ ಮುಂದೆ ನಾನು ಮಂಡಿಯೂರಿದೆ. ಕಣ್ಣಿಗೆ ಟಾರ್ಚ್ ಬಿಟ್ಟೆ. ಕೊರಳಿಗೆ ಬೆರಳಿಟ್ಟೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಗಡಿಯಾರ ನೋಡಿ ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ ಕೇಳಿದೆ. ಅಷ್ಟು ಹೊತ್ತು ಬೇಕಿರಲಿಲ್ಲ. ಮೈ ಆಗಲೇ ತಣ್ಣಗಾಗಿತ್ತು. ಆದರೂ ತೆಗೆಯಲು ಕೈ ಬರಲಿಲ್ಲ. ಅಂಗಳದಲ್ಲಿ ಯಾರೋ ಕೆಮ್ಮಿದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

"ಹೋಗಿದ್ದಾರೆ" ಎಂದೆ.

"ಖಚಿತವಾ ಡಾಕ್ಟ್ರೇ?"

ಹನ್ನೊಂದು ವರ್ಷದಿಂದ ಖಚಿತ ಎಂಬ ಪದವನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

"ಖಚಿತ."

ಅವರು ತಲೆಯಾಡಿಸಿದರು. ಮಣಿಕಟ್ಟಿನಿಂದ ಬೆರಳುಗಳನ್ನು ಒಂದೊಂದಾಗಿ ತೆಗೆದು, ಹೆಂಡತಿಯ ಕೈಯನ್ನು ಎದೆಯ ಮೇಲೆ ಇಟ್ಟು, ಸುಟ್ಟ ಕಲೆಗಳ ಮೇಲೆ ಸೆರಗು ಎಳೆದರು. ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು:

"ಆವತ್ತು ತಪ್ಪಾಗಿತ್ತಲ್ಲ. ಇವತ್ತೂ ನಿಮ್ಮದು ತಪ್ಪಾಗ್ಲಿ ಅಂತಲೇ ಕರೆಸ್ದೆ."

ಎದ್ದು ಹೊರಗೆ ಹೋಗಿ ಜನರಿಗೆ ಬನ್ನಿ ಎಂದರು. ನಾನು ಸ್ಟೆತಸ್ಕೋಪ್ ಕೈಯಲ್ಲಿ ಹಿಡಿದು ಅಲ್ಲೇ ಮಂಡಿಯ ಮೇಲಿದ್ದೆ. ಎತ್ತಲು ಬಂದವರಿಗೆ ಜಾಗ ಬೇಕಿತ್ತು. ಮಗಳು ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು.